ಏನು ಕೊಡಲಿ, ಸ್ವಾಮಿ?

ಮನೆಯಲ್ಲಿ ಊಟಕ್ಕೆ ಕುಳಿತಾಗ ನಮ್ಮನ್ನು ಯಾರೂ ಕೇಳದ ಪ್ರಶ್ನೆಯೊಂದನ್ನು ಹೋಟೆಲಿನಲ್ಲಿ ಕೇಳುತ್ತಾರೆ. "ಏನು ಕೊಡಲಿ, ಸ್ವಾಮಿ?" ಎಂಬುದೇ ಆ ಪ್ರಶ್ನೆ. ಮನೆಯಲ್ಲಿ ತಾಯಿ ಬಡಿಸಿದ್ದೇ ಊಟ. ಹುಳಿಯಲ್ಲಿ ಹಾಗಲಕಾಯಿಯ ಹೋಳನ್ನು ಕಂಡು ನಾವು ಮುಖ ಸಿಂಡರಿಸಿದರೆ, "ಹಾಕಿದ್ದನ್ನು ಸುಮ್ಮನೆ ತಿನ್ನು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಪ್ರೀತಿಯ ಮಾತೇ ಹೌದು. ಆದರೆ ಅಲ್ಲಿ ಆಯ್ಕೆಗೆ ಎಡೆಯಿಲ್ಲ. ಹೋಟೆಲಿನ ಮಾತೇ ಬೇರೆ. ಹೆಗಲ ಮೇಲೆ ವಸ್ತ್ರ ಹಾಕಿಕೊಂಡ ಮಾಣಿ ಮೇಜಿನ ಬಳಿ ಬಂದು ನಿಂತು, ಊರಿನ ಪಟೇಲನನ್ನು ಕೇಳುವ ಪ್ರಶ್ನೆಯನ್ನೇ ಪ್ರಾಥಮಿಕ ಶಾಲೆಯ ಹುಡುಗನಿಗೂ ಕೇಳುತ್ತಾನೆ.

ಆ ಪ್ರಶ್ನೆಯನ್ನು ನಾನು ಮೊದಲ ಬಾರಿಗೆ ಕೇಳಿಸಿಕೊಂಡಾಗ ನನಗೆ ಎಂಟು ವರ್ಷ. ತಂದೆಯವರು ಯಾವುದೋ ಕೆಲಸದ ಮೇಲೆ ನನ್ನನ್ನು ಶಿವಮೊಗ್ಗೆಗೆ ಕರೆದುಕೊಂಡು ಹೋಗಿದ್ದರು. ಮಾಣಿ ಕೇಳಿದಾಗ ನಾನು ತಂದೆಯವರ ಮುಖ ನೋಡಿದೆ. "ನಿನ್ನನ್ನೇ ಕೇಳುತ್ತಿದ್ದಾರೆ, ಹೇಳು" ಎಂದರು ಅವರು. ಪಕ್ಕದ ಮೇಜಿನ ಮೇಲೆ ಹೊಂಬಣ್ಣದ ಸುರುಳಿಯೊಂದು ಹೊಗೆಯಾಡುತ್ತಿತ್ತು. ಅದನ್ನು ಬೆರಳಿನಿಂದ ತೋರಿಸಿದೆ. ಅಂದಿನಿಂದ ಇಂದಿನವರೆಗೆ, ಹೋಟೆಲಿಗೆ ಹೋದಾಗ ನನ್ನ ಉತ್ತರ ಬಹುಮಟ್ಟಿಗೆ ಅದೇ: ಮಸಾಲೆ ದೋಸೆ.

ಇದರಲ್ಲಿ ನಾಲಗೆಯ ಚಾಪಲ್ಯವಿಲ್ಲವೆಂದು ಹೇಳಲಾರೆ. ಆದರೆ ಒಂದು ತತ್ತ್ವವೂ ಉಂಟೆಂದು ಬಹುಕಾಲ ನಂಬಿದ್ದೆ. ಮನೆಯಲ್ಲಿ ಆಗದುದನ್ನು ಹೋಟೆಲಿನಲ್ಲಿ ತಿನ್ನಬೇಕು ಎಂಬುದೇ ಆ ತತ್ತ್ವ. ಮನೆಯ ಚಿಕ್ಕ ಕಾವಲಿಯ ಮೇಲೆ ತಣ್ಣನೆಯ ಹಿಟ್ಟು ಬಿದ್ದೊಡನೆ ಅದರ ಕಾವು ಇಳಿದುಹೋಗುತ್ತದೆ. ಹೋಟೆಲಿನ ಕಾವಲಿಯಾದರೋ ಮೇಜಿನಷ್ಟು ಅಗಲದ, ದಪ್ಪನೆಯ ಕಬ್ಬಿಣದ ಹಲಗೆ. ಒಮ್ಮೆಗೆ ಹತ್ತು ಹನ್ನೆರಡು ದೋಸೆ ಹೊಯ್ದರೂ ಅದು ಕಾವನ್ನು ಬಿಟ್ಟುಕೊಡುವುದಿಲ್ಲ. ಅಡಿಗೆಯಾತ ಅದರ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದನ್ನು ನೀವು ನೋಡಿರಬಹುದು. ಅದು ಬರಿಯ ಶುಚಿಗಾಗಿ ಅಲ್ಲ. ಕಾವಲಿ ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದಲ್ಲಿಯೇ ಕಚ್ಚಿಕೊಳ್ಳುತ್ತದೆ. ಬಟ್ಟಲಿನ ತಳದಿಂದ ತಿರುವಿದರೂ ಹರಡುವುದಿಲ್ಲ. ನೀರು ಮೇಲ್ಮೈಯನ್ನು ಕ್ಷಣಕಾಲ ತಣಿಸುತ್ತದೆ; ಅಷ್ಟರಲ್ಲಿ ದೋಸೆ ತೆಳ್ಳಗೆ ಹರಡಿಕೊಳ್ಳುತ್ತದೆ; ಬಳಿಕ ಕೆಳಗಿನಿಂದ ಏರಿ ಬರುವ ಕಾವು ಅದನ್ನು ಗರಿಗರಿಯಾಗಿಸುತ್ತದೆ. ಅಕ್ಕಿ ಉದ್ದಿನ ಜೊತೆಗೆ ನೆನೆಹಾಕಿದ ಒಂದಿಷ್ಟು ಮೆಂತ್ಯ, ಒಂದಿಷ್ಟು ಕಡಲೆಬೇಳೆ ಅದಕ್ಕೆ ಬಣ್ಣ ಕೊಡುತ್ತವೆ. ಇಷ್ಟೆಲ್ಲ ಮನೆಯಲ್ಲಿ ಆಗುವ ಮಾತಲ್ಲ. ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮುಂದೆ ಇಂದಿಗೂ ಜನ ತಮ್ಮ ಸರದಿಗಾಗಿ ತಾಳ್ಮೆಯಿಂದ ಕಾಯುತ್ತಾರೆಂದರೆ ಅದಕ್ಕೆ ಕಾರಣವಿಲ್ಲದಿಲ್ಲ.

ಹೋಟೆಲಿನ ತಿಂಡಿಯೆಂದರೆ ಮೂಗು ಮುರಿಯುವ ಹಿರಿಯರೂ ಇದ್ದಾರೆ. ಅದು ಹೊಸ ಕಾಲದ ಶೋಕಿ ಎಂದು ಅವರ ಆಕ್ಷೇಪ. ಹೋಟೆಲು ಹೊಸದಿರಬಹುದು, ತಿಂಡಿ ಹೊಸದಲ್ಲ. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿಯೇ 'ಇಡ್ಡಲಿಗೆ'ಯ ಹೆಸರು ಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ರಾಜ್ಯಭಾರದ ವಿಷಯಗಳ ಜೊತೆಗೆ 'ದೋಸಕ'ವನ್ನೂ ಹೇಳಲು ಮರೆಯಲಿಲ್ಲ. ಅರಸನಿಗೆ ತಕ್ಕ ವಿಷಯ ನಮಗೆ ಹೇಗೆ ಹಗುರವಾದೀತು?

ಇನ್ನು, ಹೋಟೆಲಿನವರು ಹಳೆಯದನ್ನೇ ಮಾಡಿಕೊಂಡು ಕುಳಿತವರೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾದ ಮೇಲೆ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ನಾಡಿನಾದ್ಯಂತ ಜನ ಮೆಚ್ಚಿ ಕೇಳಿ ತಿನ್ನುವ ರವೆ ಇಡ್ಲಿ ಹಾಗೆ ಹುಟ್ಟಿತೆಂದು ಅವರು ಹೇಳುತ್ತಾರೆ. ಅಭಾವವು ಕೊಟ್ಟ ತಿಂಡಿಯನ್ನು ಸುಭಿಕ್ಷದ ಕಾಲದಲ್ಲಿಯೂ ನಾವು ಬಿಡಲಿಲ್ಲ.

ನನ್ನ ತತ್ತ್ವ ಹೀಗೆ ಸುಖವಾಗಿ ನಡೆದುಕೊಂಡು ಬಂದಿತ್ತು. ಅದು ಮುರಿದುಬಿದ್ದದ್ದು ರಾಜಗೋಪಾಲನಗರದ ಒಂದು ಸಣ್ಣ ಹೋಟೆಲಿನಲ್ಲಿ.

ಬೆಂಗಳೂರಿನ ವಾಯವ್ಯದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡು ನಮ್ಮ ಬಡಾವಣೆಯಿದೆ. ಅಲ್ಲಿ ಹಗಲೆಲ್ಲ ಲೇತುಗಳು ತಿರುಗುವ ಸದ್ದು. ಕಬ್ಬಿಣ ಕೊರೆಯುವ ವಾಸನೆ. ಬೆಳಗಿನ ಪಾಳಿಗೆ ಹೊರಡುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಾಲು ಒಂದು ಕಡೆ, ರಾತ್ರಿಯ ಪಾಳಿ ಮುಗಿಸಿ ಬರುವ ಯುವಕರ ಸಾಲು ಇನ್ನೊಂದು ಕಡೆ. ತುಮಕೂರು, ಹಾಸನ, ರಾಯಚೂರು, ಕಲಬುರಗಿಗಳಿಂದ ಬಂದವರು ಇದ್ದಾರೆ. ಬಿಹಾರ, ಒಡಿಶಾಗಳಿಂದ ಬಂದವರೂ ಇದ್ದಾರೆ. ಇಷ್ಟು ಊರುಗಳ ಹಸಿವು ಒಂದೇ ರಸ್ತೆಯಲ್ಲಿ ಸೇರಿದಾಗ ಹೋಟೆಲಿನ ಫಲಕಗಳು ಸುಮ್ಮನಿರುವುದುಂಟೆ? ಒಂದರ ಮೇಲೆ 'ಇಡ್ಲಿ, ವಡೆ, ರೈಸ್‌ಬಾತ್'. ಅದರ ಪಕ್ಕದಲ್ಲಿ 'ಖಾನಾವಳಿ — ಜೋಳದ ರೊಟ್ಟಿ, ಎಣಗಾಯಿ'. ಎದುರಿಗೆ 'ಮುದ್ದೆ ಊಟ'. ಸಂಜೆಯಾದರೆ ತಳ್ಳುವ ಗಾಡಿಗಳ ಮುಂದೆ ಗೋಬಿ ಮಂಚೂರಿಗಾಗಿ ಮುಗಿಬೀಳುವ ಹುಡುಗರ ಗುಂಪು. (ಅದರ ಕೆಂಪು ಬಣ್ಣಕ್ಕೆ ಮರುಳಾಗಿ ಕೇಳುವವರು ಒಂದನ್ನು ನೆನಪಿಡಬೇಕು: ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣವನ್ನು ಅದರಲ್ಲಿ ಬೆರೆಸುವುದು ಕಂಡುಬಂದು, 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಬಣ್ಣವಿಲ್ಲದೆಯೂ ಹೂಕೋಸಿಗೆ ರುಚಿಯುಂಟು.)

ಒಂದು ಮಧ್ಯಾಹ್ನ ನಾನು ಮಸಾಲೆ ದೋಸೆಗೆ ಹೇಳಿ ಕಾಯುತ್ತಿದ್ದೆ. ಎದುರಿನ ಕುರ್ಚಿಯಲ್ಲಿ ಕುಳಿತ ಯುವಕ, ಫಲಕವನ್ನು ನೋಡುವ ಗೊಡವೆಗೂ ಹೋಗದೆ, "ಮುದ್ದೆ, ಬಸ್ಸಾರು" ಎಂದ. ಅವನ ಉಗುರುಗಳ ಸಂದಿಯಲ್ಲಿ ಯಂತ್ರದ ಎಣ್ಣೆ ಇನ್ನೂ ಉಳಿದಿತ್ತು. ವಯಸ್ಸಾದವರಿಗೆ ಉಪದೇಶದ ಚಟ ಸ್ವಾಭಾವಿಕ. ನಾನು ಸುಮ್ಮನಿರಲಾರದೆ ಕೇಳಿದೆ:

"ಏನಪ್ಪಾ, ಮನೆಯಲ್ಲಿ ದಿನವೂ ಸಿಗುವ ಮುದ್ದೆಯನ್ನು ದುಡ್ಡು ಕೊಟ್ಟು ಹೋಟೆಲಿನಲ್ಲಿ ತಿನ್ನುವುದೆ? ಇಲ್ಲಿಯ ದೋಸೆ ಚೆನ್ನಾಗಿರುತ್ತದೆ."

ಅವನು ನಕ್ಕ. "ಮನೇಲಿ ಸಿಗುತ್ತೆ, ಸಾರ್. ಆದರೆ ಮನೆ ಸಿರಾ ಹತ್ತಿರ ಐತೆ. ಇಲ್ಲಿರೋದು ಬರೀ ರೂಮು."

ಆ ರೂಮಿನಲ್ಲಿ ನಾಲ್ವರಿದ್ದಾರೆ, ಬೇರೆ ಬೇರೆ ಪಾಳಿಯವರು. ಒಲೆಯಿದ್ದರೂ ಹೊತ್ತಿಸುವಷ್ಟು ಬಿಡುವು ಯಾರಿಗೂ ಇಲ್ಲ ಎಂದು ಮುಂದೆ ತಿಳಿಯಿತು. ಊರಿಗೆ ಹೋಗುವುದು ಹಬ್ಬಕ್ಕೆ ಮಾತ್ರ. ಮನೆಯಲ್ಲಿ ಆಗದುದನ್ನು ಹೋಟೆಲಿನಲ್ಲಿ ತಿನ್ನಬೇಕೆಂಬ ನನ್ನ ತತ್ತ್ವವು, ಬಾಗಿಲು ತೆಗೆದರೆ ಅಡಿಗೆಯ ವಾಸನೆ ಬರುವ ಮನೆಯುಳ್ಳವನು ಮಾಡಿಕೊಂಡ ತತ್ತ್ವ. ಎರಡು ಗಂಟೆಗೆ ಪಾಳಿ ಹಿಡಿಯಬೇಕಾದವನಿಗೆ ಹೋಟೆಲೇ ಮನೆ. ಅವನು ಅಲ್ಲಿ ತನ್ನ ತಾಯಿಯ ಅಡಿಗೆಯನ್ನು ಹುಡುಕುತ್ತಾನೆ.

ಅಂದು ನನಗೆ ನಾಚಿಕೆಯಾದುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನು ಮಲೆನಾಡಿನವನು, ಗದ್ದೆಯ ಸೀಮೆಯವನು. ನಮ್ಮಲ್ಲಿ ಅನ್ನವೇ ಊಟ. ಮುದ್ದೆಯೆಂದರೆ ಬಯಲುಸೀಮೆಯ ಬಡವರ ಆಹಾರವೆಂಬ ಭಾವನೆ ನನ್ನೊಳಗೆ ಎಲ್ಲಿಯೋ ಕುಳಿತಿತ್ತು. ಹೋಟೆಲಿಗೆ ಬಂದವನು ಮುದ್ದೆ ಕೇಳಬಹುದೆ ಎಂಬ ನನ್ನ ಬೆರಗಿನಲ್ಲಿ ತತ್ತ್ವಕ್ಕಿಂತ ಆ ಭಾವನೆಯೇ ಹೆಚ್ಚಾಗಿತ್ತು.

ಈ ಭಾವನೆ ನನ್ನೊಬ್ಬನದಲ್ಲ, ಹಳೆಯದು. ಹದಿನಾರನೆಯ ಶತಮಾನದ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಇದನ್ನೇ ಕಥೆಯಾಗಿಸಿದ್ದಾರೆ. ಅಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲೆಂಬ ಜಗಳ. ಭತ್ತವು ತನ್ನ ಕುಲವನ್ನೂ ಸಿರಿವಂತರ ಒಡನಾಟವನ್ನೂ ಹೇಳಿಕೊಂಡು ರಾಗಿಯನ್ನು ಹೀಗಳೆಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಸೊರಗಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ, ಗೆಲುವು ರಾಗಿಗೆ. ಕವಿಯ ಕಲ್ಪನೆಗೆ ನೆಲದ ಅನುಭವವೇ ಆಧಾರ. ಹಳೆಯ ಮೈಸೂರು ಸೀಮೆಯ ರೈತರು ಹಗೇವಿನಲ್ಲಿ ತುಂಬಿಟ್ಟ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿದು ಬರಗಾಲದಲ್ಲಿ ಜೀವ ಕಾಯುತ್ತಿತ್ತು. ಭಾರತದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದೇ.

ಇಷ್ಟಾದರೂ ನಮ್ಮ ಸಸ್ಯಾಹಾರಿ ಹೋಟೆಲುಗಳ ಫಲಕದಲ್ಲಿ ರಾಗಿಗೆ ಬಹುಕಾಲ ಸ್ಥಾನವಿರಲಿಲ್ಲ. ಮಾಂಸದ ಊಟದ ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ ಸಿಗುತ್ತಿತ್ತು, ನಿಜ; ಆದರೆ 'ಮರ್ಯಾದಸ್ಥ'ರು ಅವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಕ್ಕಿ, ಗೋಧಿ, ಕಾಫಿಗಳಿಗೆ ಮೇಜಿನ ಮೇಲೆ ಎಡೆ, ರಾಗಿಗೆ ಇಲ್ಲ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಈಗ ದೊಡ್ಡ ಹೋಟೆಲುಗಳಲ್ಲಿಯೂ ರಾಗಿಯ ತಿನಿಸುಗಳು ಹೊಸ ಹೆಸರು ಹೊತ್ತು ಬರುತ್ತಿವೆ. ಒಳ್ಳೆಯದೇ ಆಯಿತು. ಆದರೆ ರಾಜಗೋಪಾಲನಗರದಂಥ ಕಡೆಗಳಲ್ಲಿ ಮುದ್ದೆಯನ್ನು ಫಲಕಕ್ಕೆ ಏರಿಸಿದವರು ಯಾವ ಸಂಸ್ಥೆಯವರೂ ಅಲ್ಲ. ದಿನವೂ ಬಂದು ಕುಳಿತು, ನಾಚಿಕೊಳ್ಳದೆ, "ಮುದ್ದೆ ಇದೆಯೆ?" ಎಂದು ಕೇಳಿದ ದುಡಿಮೆಗಾರರು. ಕೇಳುವವರಿದ್ದರೆ ಮಾಡುವವರು ಹುಟ್ಟಿಕೊಳ್ಳುತ್ತಾರೆ. ಖಾನಾವಳಿಯ ಜೋಳದ ರೊಟ್ಟಿ ನಮ್ಮ ರಸ್ತೆಗೆ ಬಂದುದೂ ಹೀಗೆಯೇ.

ಕೇಳುವುದು ಇಷ್ಟು ಸುಲಭವೆ ಎಂದು ನಿಮಗೆ ಅನ್ನಿಸಬಹುದು. ಸುಲಭವಾಗಿರಲಿಲ್ಲ. ನನ್ನ ಬಾಲ್ಯದ ಊರಿನಲ್ಲಿ ಒಂದು ಚಹಾದಂಗಡಿಯಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಅಜ್ಜನ ಜೊತೆ ನಾನು ಅಲ್ಲಿ ಹೋಗಿ ಬೆಂಚಿನ ಮೇಲೆ ಕುಳಿತು ಗೋಳಿಬಜೆ ತಿನ್ನುತ್ತಿದ್ದೆ. ನನ್ನ ತರಗತಿಯ ಹುಡುಗನೊಬ್ಬನ ತಂದೆ, ನಮ್ಮ ಗದ್ದೆಯಲ್ಲಿಯೇ ದುಡಿಯುತ್ತಿದ್ದವರು, ಅದೇ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದರು. ಅವರು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. ಅಂಗಡಿಯ ಹಿಂದಿನ ಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಒಂದು ಲೋಟವನ್ನು ತಾವೇ ತೆಗೆದು, ತಾವೇ ತೊಳೆದು, ಮುಂದೆ ಹಿಡಿಯುತ್ತಿದ್ದರು. ಚಹಾ ಮೇಲಿನಿಂದ ಬೀಳುತ್ತಿತ್ತು. ಕುಡಿದಾದ ಮೇಲೆ ಮತ್ತೆ ತೊಳೆದು ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಅಂಗಡಿಯವನು ಅಜ್ಜನನ್ನು ಕೇಳಿದ, ನನ್ನನ್ನೂ ಕೇಳಿದ. "ಏನು ಕೊಡಲಿ?" ಎಂದು ಅವರನ್ನು ಅವನು ಕೇಳಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಗೋಳಿಬಜೆ ಆಗ ನನಗೆ ಸಿಹಿಯಾಗಿಯೇ ಇತ್ತು ಎಂಬುದನ್ನೂ ಹೇಳಬೇಕು. ನನಗೆ ಏನೂ ಅನ್ನಿಸಿರಲಿಲ್ಲ. ಅದನ್ನು ನೆನೆದರೆ ಈಗ ಕಸಿವಿಸಿಯಾಗುತ್ತದೆ.

ಪಟ್ಟಣಗಳಲ್ಲಿಯೂ ಆರಂಭದ ಹೋಟೆಲುಗಳ ಕಥೆ ಬಹಳ ಬೇರೆಯಲ್ಲ. ಹೊರಗೆ ಉಣ್ಣುವುದೇ ಮೈಲಿಗೆಯೆಂದು ಅನೇಕರು ಭಾವಿಸಿದ್ದ ಕಾಲ ಅದು. ಅಡಿಗೆ ಯಾರದು, ಪಕ್ಕದಲ್ಲಿ ಕುಳಿತವನು ಯಾರು ಎಂಬ ಶಂಕೆಯನ್ನು ನಿವಾರಿಸುವುದಕ್ಕಾಗಿ ಹೋಟೆಲುಗಳು ಜಾತಿಯನ್ನು ಹೆಸರಿನಲ್ಲಿಯೇ ಸಾರುತ್ತಿದ್ದವು. ಮಾವಳ್ಳಿ ಟಿಫಿನ್ ರೂಮ್ ಕೂಡ 1924ರಲ್ಲಿ ಆರಂಭವಾದಾಗ 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂದೇ ಕರೆಸಿಕೊಂಡಿತ್ತು. ಆ ಹೆಸರು ಅಂದಿನ ರೂಢಿಗೆ ತಕ್ಕುದಾಗಿತ್ತು; ಮುಂದೆ ಅವರೇ ಅದನ್ನು ಬದಲಿಸಿದರು.

1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವನ್ನು ತೆರೆದು ನೋಡಿ. ಅದರ ಹದಿನೈದನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಮಾತು ಬರುತ್ತದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮೊದಲಾದ ಕಾರಣಗಳಿಂದ ಯಾವ ಪ್ರಜೆಯನ್ನೂ ಅಲ್ಲಿಂದ ದೂರವಿಡುವಂತಿಲ್ಲ. ಒಂದು ಮಹಾರಾಷ್ಟ್ರದ ಮೂಲ ಶಾಸನದಲ್ಲಿ ಹೋಟೆಲಿಗೇನು ಕೆಲಸ ಎಂದು ಮೊದಲು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಗೂಡಿನ ಲೋಟವನ್ನು ನೆನಪಿಸಿಕೊಂಡ ಮೇಲೆ ಆಶ್ಚರ್ಯ ಉಳಿಯಲಿಲ್ಲ.

ಬೇರೆ ದೇಶಗಳಲ್ಲಿಯೂ ಈ ಹೋರಾಟ ನಡೆದಿದೆ. ಅಮೆರಿಕದ ಉತ್ತರ ಕೆರೊಲಿನ ಪ್ರಾಂತದ ಗ್ರೀನ್ಸ್‌ಬರೋ ನಗರದಲ್ಲಿ, 1960ರ ಫೆಬ್ರವರಿ 1ರಂದು, ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲೂ ಇಲ್ಲ. ಅಂಗಡಿ ಮುಚ್ಚುವವರೆಗೆ ಅಲ್ಲಿಯೇ ಕುಳಿತಿದ್ದರು. ಮರುದಿನ ಇನ್ನಷ್ಟು ಮಂದಿ ಬಂದರು. ಕೆಲವೇ ವಾರಗಳಲ್ಲಿ ಹಲವು ನಗರಗಳಿಗೆ ಈ ಸತ್ಯಾಗ್ರಹ ಹರಡಿತು. ಜುಲೈ ತಿಂಗಳ ಕೊನೆಯಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಆ ಯುವಕರು ಕೇಳಿದ್ದು ಒಂದು ಲೋಟ ಕಾಫಿ!

ನಮ್ಮ ಹೆಣ್ಣುಮಕ್ಕಳ ಪಾಡನ್ನೂ ಇಲ್ಲಿ ಮರೆಯುವಂತಿಲ್ಲ. ಹಿಂದೆ ಹೋಟೆಲುಗಳಲ್ಲಿ 'ಫ್ಯಾಮಿಲಿ ರೂಮ್' ಎಂಬ ಗೂಡುಗಳಿರುತ್ತಿದ್ದವು. ಅವುಗಳಿಗೊಂದು ಮಾಸಿದ ಪರದೆ. ಗೃಹಸ್ಥನು ಹೊರಗೆ ಕತ್ತು ಹಾಕಿ ಎಲ್ಲರ ಪರವಾಗಿಯೂ ತಾನೇ ಹೇಳುತ್ತಿದ್ದ. ಒಳಗಿದ್ದ ಹೆಂಗಸಿಗೆ ಪೂರಿ ಬೇಕಾಗಿತ್ತೋ ಕೇಸರಿಬಾತ್ ಬೇಕಾಗಿತ್ತೋ ಮಾಣಿಗೆ ತಿಳಿಯುವ ಬಗೆಯಿರಲಿಲ್ಲ. ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲಿಗೆ ಹೋದರೆ ಊರೇ ತಿರುಗಿ ನೋಡುತ್ತಿತ್ತು. ಈಗ ಬೆಳಗಿನ ಏಳೂವರೆಗೆ ನಮ್ಮ ರಸ್ತೆಯ ದರ್ಶಿನಿಯ ಮುಂದೆ ನಿಂತು ನೋಡಿ. ಹೆಗಲಿಗೆ ಊಟದ ಚೀಲ ಹಾಕಿಕೊಂಡ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತಮ್ಮ ದುಡಿಮೆಯ ಹಣವನ್ನು ಗಲ್ಲಾದ ಮೇಲಿಟ್ಟು, "ಒಂದು ಖಾರಾಬಾತ್, ಚಟ್ನಿ ಜಾಸ್ತಿ" ಎಂದು ಗಟ್ಟಿಯಾಗಿ ಹೇಳುತ್ತಾರೆ. ಆ 'ಜಾಸ್ತಿ' ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ದರ್ಶಿನಿಯೆಂದೆನಲ್ಲ, 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಆ ಹೆಸರು ಹರಡಿತು. ಕುರ್ಚಿಯಿಲ್ಲ, ಮಾಣಿಯಿಲ್ಲ, ಚೀಟಿ ಪಡೆದು ನಿಂತು ತಿನ್ನಬೇಕು. ಇದರಿಂದ ಬೆಲೆ ಇಳಿಯಿತು. "ಏನು ಕೊಡಲಿ, ಸ್ವಾಮಿ?" ಎಂದು ಕೇಳುವವನು ಇಲ್ಲವಾದುದು ನನಗೆ ಕೊಂಚ ವ್ಯಸನದ ಸಂಗತಿ. ಆದರೆ ಎದೆಮಟ್ಟದ ದುಂಡು ಮೇಜಿನ ಸುತ್ತ ನಿಂತವರಲ್ಲಿ ಯಾರನ್ನು ಒಳಗೆ, ಯಾರನ್ನು ಹೊರಗೆ ಕೂರಿಸುವುದು? ಕುರ್ಚಿಯೇ ಇಲ್ಲದ ಮೇಲೆ ಪಂಕ್ತಿಭೇದಕ್ಕೆ ಸ್ಥಳವಾದರೂ ಎಲ್ಲಿ? ಆ ಲಾಭದ ಮುಂದೆ ನನ್ನ ವ್ಯಸನ ದೊಡ್ಡದಲ್ಲ.

ಹಾಗೆಂದು ಗೂಡಿನ ಲೋಟ ಎಲ್ಲೆಡೆಯೂ ಮಾಯವಾಯಿತೆಂದು ತಿಳಿಯಬೇಡಿ. ಕಾನೂನು ಶಿಕ್ಷೆ ವಿಧಿಸುತ್ತದೆಯಾದರೂ, ಕೆಲವು ಹಳ್ಳಿಗಳಿಂದ ಅಂಥ ಸುದ್ದಿ ಪತ್ರಿಕೆಗಳಲ್ಲಿ ಈಗಲೂ ಬರುವುದುಂಟು. ನಿಮ್ಮ ಊರಿನ ಹೋಟೆಲಿಗೆ ಹೋದಾಗ ನಿಮ್ಮ ತಟ್ಟೆಯನ್ನಷ್ಟೇ ಅಲ್ಲ, ಲೋಟಗಳನ್ನು ಎಲ್ಲೆಲ್ಲಿ ಇಟ್ಟಿದ್ದಾರೆ ಎಂಬುದನ್ನೂ ಒಮ್ಮೆ ನೋಡಿ.

ಸಿರಾದ ಯುವಕನ ಕಥೆ ಅರ್ಧಕ್ಕೆ ನಿಂತಿತು. ಆಮೇಲೆಯೂ ಅವನು ಆಗಾಗ ಸಿಗುತ್ತಿದ್ದ. ಒಂದು ದಿನ ಮಾಣಿ ಬಂದು ನಿಂತಾಗ ನಾನೇ "ಮುದ್ದೆ, ಬಸ್ಸಾರು" ಎಂದೆ. ಯುವಕ ಹುಬ್ಬೇರಿಸಿದ. ಮುದ್ದೆ ಬಂತು, ನಾನು ಅನ್ನದವನ ಅಭ್ಯಾಸದಂತೆ ಅಗಿಯತೊಡಗಿದೆ. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬಾರದು ಸಾರ್, ನುಂಗಬೇಕು. ಸಣ್ಣಗೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಂಗೇ ಬಿಡಿ" ಎಂದು ತೋರಿಸಿಕೊಟ್ಟ. ಎರಡನೆಯ ತುತ್ತು ಗಂಟಲಿನಲ್ಲಿ ನಿಂತಿತು, ಮೂರನೆಯದು ಇಳಿಯಿತು. ಬಸಿದ ಸೊಪ್ಪು ಕಾಳುಗಳ ಕಟ್ಟಿಗೆ ಹುರಿದ ಮಸಾಲೆ ಅರೆದು ಬೆರೆಸಿದ ಆ ಸಾರಿನ ರುಚಿಯನ್ನು ಇಷ್ಟು ವರ್ಷ ಹೇಗೆ ಬಿಟ್ಟಿದ್ದೆನೋ ಎನಿಸಿತು. ಮಸಾಲೆ ದೋಸೆಯ ಮೇಲಿನ ನನ್ನ ನಿಷ್ಠೆ ಅದರಿಂದ ಸಡಿಲವಾಗಿಲ್ಲ. ಆದರೆ ವಾರಕ್ಕೊಂದು ದಿನ ಮುದ್ದೆಗೆ ಹೇಳುತ್ತೇನೆ. ಅವನು ಸಂಬಳದ ದಿನ ಮಸಾಲೆ ದೋಸೆಗೆ ಹೇಳುತ್ತಾನೆಂದು ಮಾಣಿಯಿಂದ ತಿಳಿಯಿತು.

ಊಟವಾದ ಮೇಲೆ ಅವನ ಪಾಳಿಗೆ ಇನ್ನೂ ಹತ್ತು ನಿಮಿಷವಿತ್ತು. ಒಂದು ಪೂರ್ತಿ ಕಾಫಿ ಇಬ್ಬರಿಗೂ ಬೇಡವಾಗಿತ್ತು. "ಬೈಟು ಕಾಫಿ" ಎಂದು ಅವನೇ ಹೇಳಿದ. ಮಾಣಿ ಒಂದು ಕಾಫಿಯನ್ನು ಎರಡು ಲೋಟಗಳಿಗೆ ಸಮನಾಗಿ ಹೊಯ್ದು ತಂದು ಮೇಜಿನ ನಡುವೆ ಇಟ್ಟ. ಯಾವುದು ಯಾರದೆಂದು ನೋಡದೆ ಒಂದೊಂದನ್ನು ತೆಗೆದುಕೊಂಡೆವು.